ಕೆಂಪಿಗೆ ಎರಡೂವರೆ ಗಂಟೆ ನೀರು

ಸಣ್ಣಕೊಪ್ಪಲಿನ ನೀರು ಬಳಕೆದಾರರ ಸಂಘದ ನೋಟಿಸ್ ಬೋರ್ಡಿನಲ್ಲಿ ಆ ಸೋಮವಾರ ಅಂಟಿಸಿದ್ದ ಸರದಿ ಪಟ್ಟಿ ಹೀಗೆ ಶುರುವಾಗುತ್ತಿತ್ತು: ‘ಒಂದನೇ ತೂಬು. ಕೆಂಪಿ, ಬೆಳಗ್ಗೆ ಆರರಿಂದ ಎಂಟೂವರೆ. ಚುಕ್ಕಿ, ಎಂಟೂವರೆಯಿಂದ ಹತ್ತು. ಬೋಳಿ, ಹತ್ತರಿಂದ ಹನ್ನೊಂದೂಕಾಲು.’ ಪಟ್ಟಿಯ ಕೆಳಗೆ ಎಂದಿನಂತೆ ‘ಹೊಂಬಾಳಮ್ಮ, ಬರಹಗಾರ್ತಿ’ ಎಂದು ಅಚ್ಚಾಗಿತ್ತು.

ಮೊದಲು ನೋಡಿದವರು ಹನ್ನೊಂದನೇ ತೂಬಿನ ಚಿಕ್ಕಣ್ಣ. ಎಪ್ಪತ್ತು ದಾಟಿದ ರೈತ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

‘ನಮ್ಮಟ್ಟಿ ಕೆಂಪಿಗೆ ಎರಡೂವರೆ ಗಂಟೆ ನೀರು, ನಂಗೆ ಒಂದ್ ಗಳಿಗೆನೂ ಇಲ್ಲ’ ಎಂದರು. ‘ಇರ್ಲಿ ಬುಡು. ಆಲು ಕೊಡೋದು ಅದೇ ತಾನೆ.’

ಹತ್ತು ಗಂಟೆಯೊಳಗೆ ಪಟ್ಟಿಯ ಫೋಟೊ ಊರಿನ ವಾಟ್ಸಾಪ್ ಗುಂಪಿನಲ್ಲಿತ್ತು. ಮಳವಳ್ಳಿಯಲ್ಲಿರುವ ನೆಂಟರೂ ಫೋನು ಮಾಡಿ, ತಮ್ಮ ಎಮ್ಮೆಯ ಹೆಸರನ್ನೂ ಸೇರಿಸಬಹುದೇ ಎಂದು ವಿಚಾರಿಸಿದರು.

ಪಟ್ಟಿಯಲ್ಲಿದ್ದವು ಹೊಂಬಾಳಮ್ಮನವರ ಬೀದಿಯ ಹಸುಗಳು. ಐದು ವರ್ಷದ ಹಿಂದೆ ಅವರು ಪ್ರೋಗ್ರಾಮ್ ಬರೆಯಲು ಕಲಿಯುವಾಗ, ಲೆಕ್ಕ ಸರಿಬರುತ್ತದೆಯೇ ಎಂದು ನೋಡಲು ಕೆಲವು ಹೆಸರುಗಳು ಬೇಕಾಗಿದ್ದವು. ರೈತರ ಹೆಸರು ಹಾಕಿದರೆ, ಅಭ್ಯಾಸದ ಪಟ್ಟಿಯಲ್ಲಿಯೂ ಯಾರಿಗೋ ಹತ್ತು ನಿಮಿಷ ಕಡಿಮೆ ಬಂದು ಜಗಳವಾಗುತ್ತಿತ್ತು. ಹಸುಗಳು ಜಗಳಕ್ಕೆ ಬರುವುದಿಲ್ಲ. ಆ ಅಭ್ಯಾಸದ ಕಡತ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿತ್ತು.

ಹೊಂಬಾಳಮ್ಮನವರಿಗೆ ಈಗ ನಲವತ್ತೊಂಬತ್ತು. ಹುಟ್ಟಿದ್ದು ಬ್ಲಫ್ ಎಂಬ ಊರಿನಲ್ಲಿ. ತಂದೆ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಸಹಾಯಕರಾಗಿದ್ದರು. ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಮಗಳು ಮಳವಳ್ಳಿಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿ, ಮದುವೆಯಾಗಿ ಸಣ್ಣಕೊಪ್ಪಲಿಗೆ ಬಂದರು. ಹದಿನಾಲ್ಕು ವರ್ಷ ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದರು. ಹಾಲಿಗೆ ನೀರು ಬೆರೆಸಿದ್ದಾರೆ ಎಂದು ಒಬ್ಬರ ಮುಖಕ್ಕೆ ಹೇಳುವ ಮೊದಲು ಮೂರು ಸಲ ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಈ ಎರಡು ಅಭ್ಯಾಸ ಅವರಿಗೆ ಅಲ್ಲಿಂದ ಬಂದವು. ಉದ್ದನೆಯ ರೂಲ್ಡ್ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡುವುದು ಬಹುಶಃ ತಂದೆಯಿಂದ ಬಂದದ್ದು.

ಸಂಘದ ಬರಹಗಾರ್ತಿಯಾದ ಮೇಲೆ ಮಂಡ್ಯದ ಒಂದು ಪಾಲಿಟೆಕ್ನಿಕ್ಕು ಹಳೆಯ ಕಂಪ್ಯೂಟರೊಂದನ್ನು ಸಂಘಕ್ಕೆ ಕೊಟ್ಟಿತು. ಅಲ್ಲಿಯ ಅಧ್ಯಾಪಕ ಪ್ರಸನ್ನ ಅವರು ಹತ್ತು ಭಾನುವಾರ ಪಾಠವನ್ನೂ ಮಾಡಿದರು. ಹೊಂಬಾಳಮ್ಮ ಬುತ್ತಿ ಕಟ್ಟಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಹತ್ತು ಭಾನುವಾರವೂ ಹೋದರು. ಹನ್ನೊಂದನೇ ಭಾನುವಾರವೂ ಹೋಗಿ ಬೀಗ ನೋಡಿಕೊಂಡು ಬಂದರು.

ಅವರು ಬರೆದ ಪ್ರೋಗ್ರಾಮ್ ದೊಡ್ಡದೇನಲ್ಲ. ನಾಲೆಯಿಂದ ಊರಿಗೆ ಬರುವ ಕಾಲುವೆಗೆ ಹನ್ನೊಂದು ತೂಬು, ಇನ್ನೂರ ಹದಿನಾಲ್ಕು ರೈತರು. ಯಾರಿಗೆ ಎಷ್ಟು ಗದ್ದೆ, ನೀರು ಅಲ್ಲಿಗೆ ಹರಿಯಲು ಎಷ್ಟು ಹೊತ್ತು ಎಂಬುದನ್ನು ಓದಿಕೊಂಡು, ಯಾರು ಯಾವಾಗ ನೀರು ಕಟ್ಟಿಕೊಳ್ಳಬೇಕೆಂದು ಅದು ಹೇಳುತ್ತದೆ. ಒಂದು ಸರದಿ ಮೇಲಿನ ತೂಬಿನಿಂದ ಶುರುವಾದರೆ ಮುಂದಿನದು ಕೊನೆಯ ತೂಬಿನಿಂದ. ಮೊದಲು ಅಧ್ಯಕ್ಷರ ಮನೆ ಜಗಲಿಯ ಮೇಲೆ ಚೀಟಿ ಬರೆಯುತ್ತಿದ್ದ ಕಾಲದಲ್ಲಿ ಎಲ್ಲ ಸರದಿಯೂ ಮೇಲಿನಿಂದಲೇ ಶುರುವಾಗುತ್ತಿತ್ತು. ಚಿಕ್ಕಣ್ಣನಂಥವರಿಗೆ ಚೀಟಿಯಲ್ಲಿ ಹೆಸರು ಇರುತ್ತಿತ್ತು, ಗದ್ದೆಯಲ್ಲಿ ನೀರು ಇರುತ್ತಿರಲಿಲ್ಲ. ಈಗ ಮೂರು ಹಂಗಾಮಿನಿಂದ ಕೊನೆಯವರಿಗೂ ನೀರು ಬರುತ್ತಿತ್ತು. ಮೇಲಿನ ಕೆಲವರಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ.

ಆ ಸೋಮವಾರ ಹೊಂಬಾಳಮ್ಮ ಮಂಡ್ಯಕ್ಕೆ ಹೋಗಿದ್ದರು. ಸಂಘದ ನಿರ್ದೇಶಕ ಮಹದೇವುವಿಗೆ ಫೋನು ಮಾಡಿ, ಶುಕ್ರವಾರ ಶುರುವಾಗುವ ಸರದಿಯ ಪಟ್ಟಿ ತೆಗೆದು ಅಂಟಿಸಿಬಿಡಲು ಹೇಳಿದ್ದರು. ಮಹದೇವುವಿಗೆ ಮಳವಳ್ಳಿಯಲ್ಲಿ ಮೊಬೈಲ್ ಅಂಗಡಿ ಇದೆ, ಯಂತ್ರಗಳ ಭಯವಿಲ್ಲ. ಹೊಂಬಾಳಮ್ಮ ತಮ್ಮ ಎಡಿಟರನ್ನು, ಅಂದರೆ ಪ್ರೋಗ್ರಾಮ್ ಬರೆಯುವ ಮತ್ತು ಅಲ್ಲಿಂದಲೇ ಓಡಿಸುವ ಸಾಧನವನ್ನು, ಪ್ರತಿಸಲವೂ ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ಅದರ ಹೆಸರು ಟೈಪ್ ಮಾಡಿ ತೆರೆಯುವುದನ್ನು ಕಂಡು ಮಹದೇವುವಿಗೆ ಮರುಕವಾಗಿತ್ತು. ಹಿಂದಿನ ವಾರವಷ್ಟೇ ಪರದೆಯ ಮೇಲೆ ಎಡಿಟರಿನ ದೊಡ್ಡ ಚಿತ್ರವೊಂದನ್ನು ಇಟ್ಟುಕೊಟ್ಟಿದ್ದರು. ಸೋಮವಾರ ಆ ಚಿತ್ರವನ್ನೇ ಒತ್ತಿದರು, ಎಡಿಟರು ತೆರೆದುಕೊಂಡಿತು, ಓಡಿಸುವ ಗುಂಡಿ ಒತ್ತಿದರು, ಪಟ್ಟಿ ಬಂತು. ಓದದೆ ಅಂಟಿಸಿದರು.

ಮಂಗಳವಾರ ಬೆಳಗ್ಗೆ ಹೊಂಬಾಳಮ್ಮ ಎಂದಿನಂತೆ ಟೈಪ್ ಮಾಡಿ ಎಡಿಟರು ತೆರೆದು, ಅದೇ ಪ್ರೋಗ್ರಾಮನ್ನು ಓಡಿಸಿದರು. ಇನ್ನೂರ ಹದಿನಾಲ್ಕು ರೈತರ ಹೆಸರೂ ಸರಿಯಾಗಿ ಬಂದವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದನೇ ತೂಬಿನ ಸಿದ್ದೇಶ್ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು.

‘ಇದೇನಕ್ಕ ಇದು, ಮಹದೇವು ಒತ್ತುದ್ರೆ ದನ, ನೀನ್ ಒತ್ತುದ್ರೆ ಜನ’ ಎಂದರು. ‘ಅಂಗಾರೆ ಮಿಷಿನ್ನು ಏಳೋದಲ್ಲ ಇದು. ನೀನು ಬರ್ದು ಇಟ್ಟಿದ್ದು ಬತ್ತಾ ಅದೆ.’

‘ನಾನ್ಯಾಕೆ ಬರೀಲಿ ಸಿದ್ದೇಶ?’

‘ನಂಗೇನ್ ಗೊತ್ತು. ಕೊನೆ ತೂಬ್ನೋರು ನಿಂಗೆ ಸೊಪ್ಪು ಗಿಪ್ಪು ತಂದ್ಕೊಡ್ತಾರಂತಲ್ಲ.’

ಸೊಪ್ಪಿನ ಮಾತು ನಿಜವೇ. ಚಿಕ್ಕಣ್ಣ ಎರಡು ಸಲ ದಂಟಿನ ಸೊಪ್ಪು ಕೊಟ್ಟಿದ್ದರು. ಹೊಂಬಾಳಮ್ಮ ಅದನ್ನು ನಿರಾಕರಿಸಲಿಲ್ಲ. ಸಿದ್ದೇಶ್ ಮನೆಯಿಂದ ಬಂದಿದ್ದ ಹಲಸಿನ ಹಣ್ಣನ್ನು ನೆನಪಿಸಿದರು, ಅಷ್ಟೆ. ಆದರೂ ಮಾತು ನಾಟಿತು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷ ಜಯಪ್ರಕಾಶ್ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

‘ಅಕ್ಕ, ಗುರುವಾರ ಅತ್ತು ಗಂಟೆಗೆ ಮೀಟಿಂಗು ಇಟ್ಟಿವ್ನಿ. ಎಲ್ರೆದ್ರಿಗೂ ಪಟ್ಟಿ ತೆಗೀಬೇಕು. ನೀನು ಮುಟ್ಟಂಗಿಲ್ಲ, ಮಹದೇವುನೇ ಒತ್ಬೇಕು, ಆ ಚಿತ್ರನೇ ಒತ್ಬೇಕಂತೆ. ಸರಿಯಾಗಿ ಬಂದ್ರೆ ಸರಿ. ದನ ಬಂದ್ರೆ ಮೊದ್ಲಿನಂಗೆ ನಮ್ಮಟ್ಟಿ ಜಗಲಿ ಮೇಲೆ ಚೀಟಿ.’

‘ಚೀಟಿ ಅಂದ್ರೆ ಮೇಲಿಂದ ಶುರು.’

‘ಮೇಲಿಂದ್ಲೇ. ಚಿಕ್ಕಣ್ಣಮಾವ ಓದ್ ವಾರ ನಾಟಿ ಮಾಡವ್ರೆ, ಗೊತ್ತು ನಂಗೆ. ಮೇಲಿಂದ ನೀರು ಅವ್ರ ಗದ್ದೆಗೆ ಬರಾಕೆ ಅನ್ನೊಂದು ದಿನ, ಅಷ್ಟು ದಿನ ಪೈರು ತಡೆಯಾಕಿಲ್ಲ. ಮೇಲಿನ ತೂಬ್ನೋರ ಬಾಯ್ ಮುಚ್ಚಿಸು ಅಂದ್ರೆ ನಾನೇನ್ ಮಾಡ್ಲಿ ಏಳು.’

ಹೊಂಬಾಳಮ್ಮ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ ಎಳೆದರು. ಮಹದೇವುವನ್ನು ಅಂಗಡಿಯಿಂದ ಕರೆಸಿ, ತಮ್ಮ ಕುರ್ಚಿಯಲ್ಲಿ ಕೂರಿಸಿ, ಕಪ್ಪು ಕಿಟಕಿಯಲ್ಲಿ ಹೆಸರು ಟೈಪ್ ಮಾಡಿ ಎಡಿಟರು ತೆರೆಯಲು ಹೇಳಿದರು. ರೈತರು ಬಂದರು. ಎಡಿಟರು ಮುಚ್ಚಿ, ತಾವೇ ಕೂತು ಚಿತ್ರ ಒತ್ತಿದರು. ಹಸುಗಳು ಬಂದವು. ಅದನ್ನೇ ಮೂರು ಮೂರು ಸಲ ಮಾಡಿದರು.

‘ಸದ್ಯ’ ಎಂದರು ಮಹದೇವು. ‘ನನ್ ಕೈದೇ ದೋಸ ಅನ್ಕಂಡಿದ್ದೆ ಕಣಕ್ಕ. ನಮ್ಮನೇಲೂ ಅಂಗೇ ಅಂತಾರೆ.’

‘ಕೈದಲ್ಲ. ತೆರೆಯೋ ದಾರೀದು.’

ಆದರೆ ದಾರಿ ಯಾಕೆ ಮುಖ್ಯವಾಗಬೇಕು? ಎಡಿಟರು ಒಂದೇ, ಕಡತ ಒಂದೇ, ಯಂತ್ರ ಒಂದೇ. ಎರಡು ದಾರಿಯಲ್ಲಿ ತೆರೆದಾಗಲೂ ಎಡಿಟರಿನ ಆವೃತ್ತಿಯ ಸಂಖ್ಯೆ ನೋಡಿದರು, ಅದೂ ಒಂದೇ. ಪ್ರಸನ್ನ ಅವರಿಗೆ ಫೋನು ಮಾಡಿದರು. ಅವರು ಪರೀಕ್ಷೆಯ ಕೆಲಸದಲ್ಲಿದ್ದರು, ಸಂಜೆ ಮಾಡುತ್ತೇನೆಂದರು, ಮಾಡಲಿಲ್ಲ. ಪುಟದ ಕೆಳಗೆ ಹೊಂಬಾಳಮ್ಮ ಒಂದೇ ಸಾಲು ಬರೆದರು: ‘ಹಸು ಅಭ್ಯಾಸದ ಕಡತದಲ್ಲಿ ಮಾತ್ರ ಇದೆ. ಅಭ್ಯಾಸದ ಕಡತ ತೆಗೆಯಲು ಯಾರು ಹೇಳಿದರು?’

ಉತ್ತರ ಬಂದದ್ದು ಬುಧವಾರ, ಅದೂ ಒಂದು ಜಗಳದ ರೂಪದಲ್ಲಿ.

ಸಂಘದಲ್ಲಿ ಒಂದು ಪದ್ಧತಿಯಿದೆ. ತೂಬು ಎತ್ತಿ ಇಳಿಸುವ ನೀರುಗಂಟಿ ಚಿಕ್ಕಮಾದಯ್ಯನವರು ಬೆಳಗ್ಗೆ ಏಳಕ್ಕೆ ಮೊದಲು ಆಫೀಸಿಗೆ ಬರುತ್ತಾರೆ. ಗೋಡೆಯ ಕರಿಹಲಗೆಯಲ್ಲಿ ಆ ದಿನದ ತೂಬುಗಳನ್ನು ಬರೆದಿರುತ್ತದೆ. ಅದನ್ನು ಓದಿ, ಗಟ್ಟಿಯಾಗಿ ಹೊಂಬಾಳಮ್ಮನವರಿಗೆ ಒಪ್ಪಿಸಿ, ಆಮೇಲೆ ಮೊಳೆಯಿಂದ ತೂಬಿನ ಕೀಲಿ ತೆಗೆದುಕೊಂಡು ಕಾಲುವೆಗೆ ಹೋಗುತ್ತಾರೆ. ಮೂವತ್ತು ವರ್ಷದಿಂದ ನೀರು ಬಿಡುತ್ತಿರುವವರು. ಒಪ್ಪಿಸುವಾಗ ಒಂದು ಸಲವೂ ತಪ್ಪಿದವರಲ್ಲ. ಹಿಂದಿನ ಸರದಿ ಮುಗಿದು, ನೀರು ಸಾಲದಿದ್ದ ತೂಬುಗಳಿಗೆ ಮತ್ತೆ ಬಿಡುತ್ತಿದ್ದ ವಾರ ಅದು; ಮಂಗಳವಾರ ಮೂರನೇ ತೂಬು, ಬುಧವಾರವೂ ಅದೇ ಎಂದಿತ್ತು. ಮಂಗಳವಾರ ಸಂಜೆ ಮಳೆ ಬಂದಿತ್ತು. ಅವರು ಕೀಲಿಯನ್ನು ವಾಪಸು ತರದೆ ಮನೆಗೇ ಕೊಂಡುಹೋಗಿದ್ದರು. ಅವರು ಹೋದ ಮೇಲೆ, ಮೂರನೇ ತೂಬಿನ ಹಲಗೆ ಒಡೆದಿದೆ ಎಂಬ ಸುದ್ದಿ ಬಂದು, ಹೊಂಬಾಳಮ್ಮ ಕರಿಹಲಗೆಯಲ್ಲಿ ಮೂರನ್ನು ಅಳಿಸಿ ನಾಲ್ಕು ಎಂದು ತಿದ್ದಿದ್ದರು. ಬುಧವಾರ ಬೆಳಗ್ಗೆ ಆಫೀಸಿನಲ್ಲಿ ಕಾದರೂ ಚಿಕ್ಕಮಾದಯ್ಯ ಬರಲಿಲ್ಲ.

ಒಂಬತ್ತು ಗಂಟೆಗೆ ಚಿಕ್ಕಣ್ಣ ಬಂದರು, ಮಂಡಿಯ ತನಕ ಕೆಸರು.

‘ಮೂರ್ನೇ ತೂಬು ಎತ್ತವ್ನೆ ಕಣಮ್ಮ. ಮುರ್ದಿರೋ ತೂಬು. ನೀರೆಲ್ಲ ಗಾಡಿ ದಾರೀಲಿ ಓಯ್ತಾ ಅದೆ. ಎಮ್ಮೆಗೋಳು ಮಲ್ಕಂಡು ಮೈ ತೊಳ್ಕತಾ ಅವೆ.’

ಅವರ ಹಿಂದೆಯೇ ಚಿಕ್ಕಮಾದಯ್ಯ ಸೈಕಲ್ಲಿಲ್ಲದೆ ನಡೆದು ಬಂದರು. ತೂಬು ಆಗಲೇ ಇಳಿಸಿದ್ದರು.

‘ತಪ್ಪಾಯ್ತು ಕಣವ್ವ. ಸೈಕಲ್ ಪಂಚರ್ ಆಗಿತ್ತು. ಟೆಂಪೋದವ್ನು ಸಿಕ್ದ, ಮನೆಯಿಂದ್ಲೇ ನೆಟ್ಗೆ ಕಾಲ್ವೆಗೆ ಓದೆ. ಕೀಲಿ ಕೈಲೇ ಇತ್ತಲ್ಲ. ಆಪೀಸ್ಗೆ ಬಂದು ಓಗಿದ್ರೆ ತಾನೆ ನಂಗೆ ಗೊತ್ತಾಗೋದು?’

‘ಇಷ್ಟ್ ವರ್ಸ ಆಯ್ತು, ಬೋರ್ಡ್ ನೋಡ್ಬೇಕು ಅನ್ನದು ಗೊತ್ತಿಲ್ವಲಾ ನಿಂಗೆ’ ಎಂದರು ಚಿಕ್ಕಣ್ಣ.

‘ಗೊತ್ತಿಲ್ದೆ ಏನು. ನೋಡ್ದಿದ್ರೆ ಕಾಣ್ತದಾ? ನಾನು ಅದೇ ಮಾದಯ್ಯನೇಯ, ಕೀಲಿ ಅದೇಯ, ತೂಬು ಅದೇಯ. ಬೋರ್ಡು ಮಾತ್ರ ಕಾಣ್ನಿಲ್ಲ.’

ಹೊಂಬಾಳಮ್ಮ ಬೈಯಲು ಬಾಯಿ ತೆರೆದವರು, ‘ಮಾದಯ್ಯಣ್ಣ, ಇನ್ನೊಂದ್ಸಲ ಏಳು’ ಎಂದರು.

‘ಏನ್ನ?’

‘ಇದೇ. ಮನೆಯಿಂದ್ಲೇ ಓದೆ ಅಂದ್ಯಲ್ಲ, ಅದು.’

ಚಿಕ್ಕಮಾದಯ್ಯ ಚಿಕ್ಕಣ್ಣನ ಮುಖ ನೋಡಿದರು. ‘ಬೈಯೋದಾದ್ರೆ ಒಂದೇ ಸಲಕ್ಕೆ ಬೈದ್ಬುಡು ಕಣವ್ವ’ ಎಂದರು.

ಹೊಂಬಾಳಮ್ಮ ಆಗಲೇ ಕಂಪ್ಯೂಟರಿನ ಮುಂದಿದ್ದರು. ಅವರು ಕಂಡುಕೊಂಡದ್ದು ಇದು. ಕಪ್ಪು ಕಿಟಕಿಯೊಳಗೆ ಕೂತು ಆಜ್ಞೆಗಳನ್ನು ಕೇಳಿಸಿಕೊಳ್ಳುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಕಿಟಕಿ ತೆರೆದ ಕೂಡಲೇ ಅದು ತನಗಾಗಿ ಬರೆದಿಟ್ಟ ಒಂದು ಕಡತವನ್ನು ಓದಿಕೊಳ್ಳುತ್ತದೆ. ಹೊಂಬಾಳಮ್ಮ ಅದರಲ್ಲಿ ಒಂದು ಸಾಲು ಸೇರಿಸಿದ್ದರು: ‘ಸರದಿ’ ಎಂಬ ಹೆಸರಿಗೆ ಈ ಹಂಗಾಮಿನ ರೈತರ ಕಡತ ಇರುವ ಜಾಗ. ಇಂಥ ಹೆಸರುಗಳ ಒಟ್ಟು ಪಟ್ಟಿಯೇ ಶೆಲ್ಲಿನ ಪರಿಸರ. ಶೆಲ್ಲಿನಿಂದ ಹೊರಡುವ ಯಾವುದೇ ಪ್ರೋಗ್ರಾಮಿಗೆ ಆ ಪಟ್ಟಿಯ ಒಂದು ಪ್ರತಿ ಸಿಗುತ್ತದೆ. ಎಡಿಟರು ಅಲ್ಲಿಂದ ಹೊರಟರೆ ಎಡಿಟರಿಗೆ ಸಿಗುತ್ತದೆ; ಎಡಿಟರು ಓಡಿಸುವ ಪ್ರೋಗ್ರಾಮಿಗೆ ಎಡಿಟರಿನಿಂದ ಸಿಗುತ್ತದೆ. ಪರದೆಯ ಚಿತ್ರ ಒತ್ತಿದಾಗ ಎಡಿಟರು ಶೆಲ್ಲಿನ ಬಾಗಿಲಿಗೇ ಬರುವುದಿಲ್ಲ. ಮನೆಯಿಂದ ನೇರ ಕಾಲುವೆಗೆ ಹೋಗುತ್ತದೆ.

ಊಹೆಯನ್ನು ಅವರು ಹಾಗೆಯೇ ನಂಬಲಿಲ್ಲ. ತನಗೆ ಸಿಕ್ಕಿರುವ ಪರಿಸರವನ್ನೆಲ್ಲ ಅಚ್ಚು ಮಾಡುವ ಎರಡು ಸಾಲಿನ ಪ್ರೋಗ್ರಾಮ್ ಬರೆದು, ಎರಡೂ ದಾರಿಯಲ್ಲಿ ಓಡಿಸಿ, ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ನೋಡಿದರು. ಒಂದರಲ್ಲಿ ‘ಸರದಿ’ ಇತ್ತು. ಇನ್ನೊಂದರಲ್ಲಿ ಇರಲಿಲ್ಲ.

‘ಸಿಕ್ತಾ?’ ಎಂದರು ಚಿಕ್ಕಣ್ಣ. ಅವರಿಗೆ ಏನು ಕಳೆದಿತ್ತೆಂದೇ ಗೊತ್ತಿರಲಿಲ್ಲ.

‘ಸಿಕ್ತು.’ ಚಿತ್ರ ಒತ್ತಿ ತೆರೆದಿದ್ದ ಎಡಿಟರು ಪರದೆಯ ಮೇಲೆ ಇದ್ದ ಹಾಗೆಯೇ, ಪಕ್ಕದಲ್ಲಿ ಕಪ್ಪು ಕಿಟಕಿ ತೆರೆದು ‘ಸರದಿ’ಯ ಸಾಲನ್ನು ಮತ್ತೊಮ್ಮೆ ಟೈಪ್ ಮಾಡಿದರು. ಎಡಿಟರಿಗೆ ಬಂದು ಗುಂಡಿ ಒತ್ತಿದರು.

ಕೆಂಪಿ, ಚುಕ್ಕಿ, ಬೋಳಿ.

ಚಿಕ್ಕಮಾದಯ್ಯ ಅವರ ಭುಜದ ಹಿಂದಿನಿಂದ ಓದಿದರು. ‘ನಮ್ಮಟ್ಟಿ ಅಸು ಗೌರಿ ಬುಟ್ಟೋಗವ್ಳಲ್ಲ’ ಎಂದರು. ‘ನಾನು ಕಾಲ್ವೆ ಮೇಲೆ ಇವ್ನಿ, ನೀವು ಇಲ್ಲಿ ಬೋರ್ಡ್ ತಿದ್ದುದ್ರೆ ನಂಗೆಂಗವ್ವ ಗೊತ್ತಾಯ್ತದೆ.’

ಅವರು ಹೇಳಿದ್ದು ತಮ್ಮ ವಿಷಯ. ಆದರೆ ಅದು ಎಡಿಟರಿಗೂ ಅಕ್ಷರಶಃ ಸರಿಯಾಗಿತ್ತು. ಹೊರಡುವಾಗ ಸಿಕ್ಕ ಪ್ರತಿಯೇ ಕೊನೆ. ಆಮೇಲೆ ಮೂಲದಲ್ಲಿ ತಿದ್ದಿದ್ದು ಹೊರಟವರಿಗೆ ತಲುಪುವುದಿಲ್ಲ. ಹೊಂಬಾಳಮ್ಮ ಎಡಿಟರನ್ನು ಪೂರ್ತಿ ಮುಚ್ಚಿದರು. ಶೆಲ್ ಮಾತ್ರ ಓದುವ ಕಡತದಿಂದ ‘ಸರದಿ’ಯ ಸಾಲನ್ನು ತೆಗೆದು, ಬಳಕೆದಾರರು ಯಂತ್ರದೊಳಗೆ ಪ್ರವೇಶಿಸುವಾಗಲೇ ಓದಲಾಗುವ ಇನ್ನೊಂದು ಕಡತದಲ್ಲಿ ಬರೆದರು. ಹಾಗೆ ಮಾಡಿದರೆ ಪರದೆಯ ಚಿತ್ರಗಳಿಗೂ ಕಪ್ಪು ಕಿಟಕಿಗೂ ಒಂದೇ ಪಟ್ಟಿ ಸಿಗಬೇಕು. ಯಂತ್ರದಿಂದ ಹೊರಬಂದು ಮತ್ತೆ ಪ್ರವೇಶಿಸಿದರು. ಚಿತ್ರ ಒತ್ತಿದರು, ಗುಂಡಿ ಒತ್ತಿದರು.

ಮೊದಲ ಸಾಲಿನಲ್ಲಿ ಹನ್ನೊಂದನೇ ತೂಬು ಬಂತು. ಚಿಕ್ಕಣ್ಣ, ಶುಕ್ರವಾರ, ಮಧ್ಯಾಹ್ನ ಒಂದೂ ನಲವತ್ತು.

ಚಿಕ್ಕಣ್ಣ ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಹೊಂಬಾಳಮ್ಮ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದರು. ಪ್ರೋಗ್ರಾಮಿನಲ್ಲಿ ಅವರೇ ಬರೆದ ಹಳೆಯ ಸಾಲೊಂದಿತ್ತು: ‘ಸರದಿ’ ಎಂಬ ಹೆಸರು ಸಿಗದಿದ್ದರೆ ಅಭ್ಯಾಸದ ಕಡತ ತೆಗೆದುಕೋ. ಕಲಿಯುವಾಗ ಅನುಕೂಲಕ್ಕೆಂದು ಬರೆದದ್ದು.

‘ತಪ್ಪು ನಿಂದಲ್ಲ ಮಾದಯ್ಯಣ್ಣ’ ಎಂದರು. ‘ಅಲ್ಲ, ನಿಂದೂ ಅದೆ. ಗೊತ್ತಿಲ್ದಿದ್ರೆ ತೂಬು ಮುಟ್ದೆ ಕೇಳ್ಬೇಕಿತ್ತು. ಇದ್ಕೂ ಅಷ್ಟೆ, ಕೇಳು ಅಂತ ನಾನು ಕಲ್ಸಿರ್ನಿಲ್ಲ.’

‘ನಾನಾದ್ರೂ ನೆನ್ನೆ ತೂಬು ಗ್ಯಾಪ್ಕ ಮಡಿಕಂಡು ಎತ್ತುದೆ. ನಿಮ್ ಮಿಷಿನ್ನು ಕೊಟ್ಗೆಗೇ ಓಗ್ಬುಡ್ತು’ ಎಂದರು ಚಿಕ್ಕಮಾದಯ್ಯ.

ಆ ಸಾಲನ್ನು ಅಳಿಸಿ, ಹೆಸರು ಸಿಗದಿದ್ದರೆ ಪಟ್ಟಿ ಮಾಡದೆ ನಿಲ್ಲು, ಯಾವ ಕಡತ ಎಂದು ಕೇಳು ಎಂದು ಬರೆದರು. ಎರಡೂ ದಾರಿಯಲ್ಲಿ ಮೂರು ಮೂರು ಸಲ ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಊಟಕ್ಕೆ ಹೋದರು. ಸಂಜೆ ಪ್ರಸನ್ನ ಅವರ ಫೋನು ಬಂತು. ಎಲ್ಲ ಕೇಳಿಸಿಕೊಂಡು, ‘ನಾನು ಹೇಳಬೇಕಾದದ್ದು ಏನೂ ಉಳಿದಿಲ್ಲವಲ್ಲ ಮೇಡಂ’ ಎಂದರು. ಮೇಡಂ ಎಂದು ಅವರು ಕರೆದದ್ದು ಅದೇ ಮೊದಲು.

ಗುರುವಾರ ಹತ್ತು ಗಂಟೆಗೆ ಆಫೀಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಸಿದ್ದೇಶ್ ಕಂಪ್ಯೂಟರಿನ ಪಕ್ಕದಲ್ಲೇ ನಿಂತಿದ್ದರು. ಹೊಂಬಾಳಮ್ಮ ಮೊದಲೇ ಎದ್ದು ಹೇಳಿದರು:

‘ದನದ ಪಟ್ಟಿ ಬಂದಿದ್ದು ನನ್ನ ತಪ್ಪಿಂದ. ಮಹದೇವುದಲ್ಲ. ಕಲೀವಾಗ ಬರ್ದಿದ್ದ ಒಂದ್ ಸಾಲು ತೆಗೆದಿರ್ನಿಲ್ಲ. ಈಗ ತೆಗ್ದಿವ್ನಿ. ಯಾವ್ ದಾರೀಲಿ ಬೇಕಾದ್ರೂ ತೆಗೀರಿ.’ ಹೇಳಿ, ಕಿಟಕಿಯ ಹತ್ತಿರ ಹೋಗಿ ಕೈಕಟ್ಟಿ ನಿಂತರು.

ಮಹದೇವು ಚಿತ್ರ ಒತ್ತಿದರು. ಎಡಿಟರು ತೆರೆಯಲು ತೆಗೆದುಕೊಳ್ಳುವ ಹತ್ತು ಸೆಕೆಂಡಿನಲ್ಲಿ ಯಾರೋ ಹಿಂದಿನಿಂದ ‘ಅಂಬಾ’ ಎಂದರು. ನಕ್ಕವರಲ್ಲಿ ಹೊಂಬಾಳಮ್ಮನೂ ಇದ್ದರು, ಆದರೆ ಕೈ ಬಿಡಿಸಲಿಲ್ಲ. ಗುಂಡಿ ಒತ್ತಿದ್ದಾಯಿತು. ಪ್ರಿಂಟರು ಕರಕರ ಎಂದಿತು. ಜಯಪ್ರಕಾಶ್ ಕಾಗದ ತೆಗೆದು ಗಟ್ಟಿಯಾಗಿ ಓದತೊಡಗಿದರು. ಹನ್ನೊಂದನೇ ತೂಬು, ಚಿಕ್ಕಣ್ಣ. ಹನ್ನೊಂದನೇ ತೂಬು, ರೇವಮ್ಮ. ಹನ್ನೊಂದನೇ ತೂಬು, ಮರಿಸಿದ್ದಯ್ಯ. ಹೆಸರು ಬಂದವರು ತಲೆಯಾಡಿಸಿದರು.

‘ಈಗ ಅಕ್ಕನ ದಾರೀಲಿ ತೆಗೀಲಿ’ ಎಂದರು ಸಿದ್ದೇಶ್.

ಎಡಿಟರನ್ನು ಮುಚ್ಚಿಸಿ, ಹೊಂಬಾಳಮ್ಮ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿ ತೆರೆದು, ಇನ್ನೊಂದು ಪಟ್ಟಿ ತೆಗೆದರು. ಸಿದ್ದೇಶ್ ಎರಡೂ ಕಾಗದವನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು, ಇನ್ನೂರ ಹದಿನಾಲ್ಕು ಸಾಲನ್ನೂ ನೋಡಿದರು. ಕಾಲು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ, ಹೊಂಬಾಳಮ್ಮನಂತೂ ಮಾಡಲೇ ಇಲ್ಲ; ಹಾಗೆ ನೋಡುವವರನ್ನು ಕಂಡರೆ ಅವರಿಗೆ ಇಷ್ಟ.

‘ಎರಡೂ ಒಂದೇಯ’ ಎಂದರು ಸಿದ್ದೇಶ್ ಕೊನೆಗೆ. ‘ಆದ್ರೆ ನಂದು ಕೊನೇಗ್ ಬಂದದಲ್ಲ.’

‘ಓದ್ಸಲ ಮೊದ್ಲು ಇದ್ದಾಗ ಕಾಗ್ದ ಬೆಳಕಿಗೆ ಇಡುದ್ರಾ ನೀವು?’ ಎಂದರು ಜಯಪ್ರಕಾಶ್. ‘ಚೀಟಿ ಇಲ್ಲ. ಇದೇ ಪಟ್ಟಿ. ಅಂಟ್ಸು ಮಹದೇವು. ಈಸಲ ಓದ್ಬುಟ್ಟು ಅಂಟ್ಸು.’

ಶುಕ್ರವಾರ ಬೆಳಗ್ಗೆ ಚಿಕ್ಕಮಾದಯ್ಯ ಆಫೀಸಿಗೆ ಬಂದು, ಒಪ್ಪಿಸಿ, ಕೀಲಿ ತೆಗೆದುಕೊಂಡು ಹೋದರು. ಮಧ್ಯಾಹ್ನ ಹೊಂಬಾಳಮ್ಮ ಗಡಿಯಾರ ನೋಡಿಕೊಂಡು ಕಾಲುವೆಯ ಏರಿಯ ಮೇಲೆ ಹನ್ನೊಂದನೇ ತೂಬಿನ ತನಕ ನಡೆದರು. ಕಾಲುವೆಯಲ್ಲಿ ಮೊದಲು ಒಣಗಿದ ಎಲೆ, ಕಸ, ಒಂದು ಚಪ್ಪಲಿ ತೇಲಿ ಬಂದವು; ಅವುಗಳ ಹಿಂದೆ ನೀರು. ತೂಬು ದಾಟಿ ಚಿಕ್ಕಣ್ಣನ ಗದ್ದೆಯ ಬದುವಿಗೆ ಮುಟ್ಟಿದಾಗ ಒಂದೂ ಮೂವತ್ತೇಳು.

ಚಿಕ್ಕಣ್ಣ ಬೇವಿನ ಮರದ ಕೆಳಗೆ ಕೂತು ಉಣ್ಣುತ್ತಿದ್ದರು. ಮುದ್ದೆ ಅರ್ಧ ಉಳಿದಿತ್ತು. ತಟ್ಟೆ ಕೆಳಗಿಟ್ಟು, ಸನಿಕೆ ಎತ್ತಿಕೊಂಡು, ಗದ್ದೆಗೆ ನೀರು ತಿರುಗಿಸುವ ಮಡೆ ಬಿಡಿಸಲು ಎದ್ದರು.

‘ಮೂರ್ ನಿಮ್ಸ ಮುಂಚೇನೆ ಬಂದ್ಬುಡ್ತಲ್ಲಮ್ಮ’ ಎಂದು ಗೊಣಗಿದರು. ‘ಒಂದು ತುತ್ತು ಉಣ್ಣಾಕೂ ಬುಡಾಕಿಲ್ಲ ನಿಮ್ ಪಟ್ಟಿ.’

ಹೊಂಬಾಳಮ್ಮ ನೋಟ್‌ಬುಕ್ಕು ತೆಗೆದು ಮೂರು ನಿಮಿಷದ ವ್ಯತ್ಯಾಸವನ್ನು ಬರೆದುಕೊಂಡರು. ಹತ್ತನೇ ತೂಬಿನಿಂದ ಹನ್ನೊಂದಕ್ಕೆ ಹರಿಯುವ ಹೊತ್ತನ್ನು ತಿದ್ದಬೇಕಿತ್ತು.